ಹಳೆಯ ಈಕ್ವಲೈಜರ್: ಪೂಜೆಗೂ ಬೇಡ, ಗುಜರಿಗೂ ಬೇಡ

ಮಳವಳ್ಳಿ ತಾಲ್ಲೂಕಿನ ಒಂದು ಗ್ರಾಮದಲ್ಲಿ ಹಬ್ಬದ ಪ್ರಯುಕ್ತ ಏರ್ಪಟ್ಟಿದ್ದ ಕುರುಕ್ಷೇತ್ರ ನಾಟಕವನ್ನು ನೋಡಲು ನಾವು ಹೋಗಿದ್ದೆವು. ಮಂಡ್ಯದ ಸೀಮೆಯಲ್ಲಿ ಈ ನಾಟಕಕ್ಕಿರುವ ಮನ್ನಣೆಯನ್ನು ವಿವರಿಸಬೇಕಾಗಿಲ್ಲ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವರೇ ರಾತ್ರಿ ಕಿರೀಟ ಧರಿಸಿ ದುರ್ಯೋಧನರೂ ಭೀಮರೂ ಆಗಿ ಬೆಳಕು ಹರಿಯುವವರೆಗೆ ಹಾಡುತ್ತಾರೆ. ಅಂದು ದ್ರೌಪದಿಯ ಪಾತ್ರ ವಹಿಸಿದ್ದಾಕೆ ತಾರಸ್ಥಾಯಿಗೆ ಏರಿದ ಒಂದು ಗಳಿಗೆಯಲ್ಲಿ, ರಂಗದ ಮೇಲೆ ತೂಗುಬಿಟ್ಟಿದ್ದ ಮೈಕುಗಳು ಕಿವಿ ಸೀಳುವಂತೆ ಕೂಗತೊಡಗಿದವು. ಚಾಪೆಯ ಮೇಲೆ ಮಲಗಿದ್ದ ಮಕ್ಕಳು ಎದ್ದು ಅತ್ತವು. ರಂಗದ ಪಕ್ಕದಲ್ಲಿ ಕುಳಿತಿದ್ದ ಮೈಕ್ ಸೆಟ್ಟಿನ ಯುವಕ ತಲೆಯನ್ನೂ ಎತ್ತದೆ, ತನ್ನ ಮುಂದಿದ್ದ ಕಪ್ಪು ಪೆಟ್ಟಿಗೆಯ ಸಾಲುಗಡ್ಡಿಗಳಲ್ಲಿ ಒಂದನ್ನು ಬೆರಳಿನಿಂದ ಕೊಂಚ ಕೆಳಕ್ಕೆ ಎಳೆದ. ಕೂಗು ನಿಂತಿತು, ದ್ರೌಪದಿಯ ಹಾಡು ನಿಲ್ಲಲಿಲ್ಲ.

ವಿರಾಮದಲ್ಲಿ ನಾವು ಆತನ ಬಳಿ ಹೋಗಿ, ಅಷ್ಟೊಂದು ಕಡ್ಡಿಗಳಲ್ಲಿ ಯಾವುದನ್ನು ಎಳೆಯಬೇಕೆಂದು ತಿಳಿದುದು ಹೇಗೆ ಎಂದು ಕೇಳಿದೆವು. “ಅದ್ ಇಪ್ಪತ್ತೆರಡ್ನೇದು ಸಾ. ಹೆಂಗಸ್ರ ದನಿ ಮೇಲಕ್ಕೋದಾಗ ಅದೇ ಕೂಗ್ಕಳದು” ಎಂದ. ಎಡದಿಂದ ಎಣಿಸಿದರೆ ಇಪ್ಪತ್ತೆರಡನೆಯದು ಎಂದು ಅವನ ಅರ್ಥ. ಕಡ್ಡಿಗಳ ಕೆಳಗೆ ಅಚ್ಚಾಗಿದ್ದ ಅಂಕಿಗಳು ಬಹುಮಟ್ಟಿಗೆ ಅಳಿಸಿಹೋಗಿದ್ದವು. ಅವು ಅವನಿಗೆ ಬೇಕಾಗಿಯೂ ಇರಲಿಲ್ಲ. ಮದ್ದೂರಿನಲ್ಲಿರುವ ತನ್ನ ಯಜಮಾನರು ಹೊಸ ಡಿಜಿಟಲ್ ಯಂತ್ರವನ್ನು ತರಿಸಿದ್ದಾರೆಂದೂ, ಈ ಪೆಟ್ಟಿಗೆಯನ್ನು ಇನ್ನೊಂದು ತಿಂಗಳಲ್ಲಿ ತೂಕಕ್ಕೆ ಹಾಕುವರೆಂದೂ ಆತ ತಿಳಿಸಿದ.

ತೂಕಕ್ಕೆ ಬೀಳಲಿದ್ದ ಆ ಪೆಟ್ಟಿಗೆಯೇ ಈ ಲೇಖನಕ್ಕೆ ಕಾರಣ. ಅದರ ಹೆಸರು ಈಕ್ವಲೈಜರ್. ಧ್ವನಿಮುದ್ರಣ ಶಾಲೆಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದುಡಿದ ಒಂದು ದೊಡ್ಡ ಯಂತ್ರಕುಲಕ್ಕೆ ಸೇರಿದ್ದು. ಈ ಕುಲಕ್ಕೆ ಇಂದು ಎರಡು ವಿಪತ್ತುಗಳು ಒದಗಿವೆ. ನಮ್ಮ ಊರುಗಳಲ್ಲಿ ಅದು ಗುಜರಿಯ ಪಾಲಾಗುತ್ತಿದೆ. ದೊಡ್ಡ ನಗರಗಳ ಸ್ಟುಡಿಯೋಗಳಲ್ಲಿ ಅದರ ಹಿರಿಯ ಬಂಧುಗಳು ದೇವರ ಕೋಣೆ ಸೇರಿವೆ. ಹಳೆಯ ಪೆಟ್ಟಿಗೆಗಳಲ್ಲಿ ಅಳತೆಗೆ ಸಿಗದ ಒಂದು ಮಾಯೆ ಇದೆಯೆಂದು ನಂಬುವವರು ಒಂದೊಂದಕ್ಕೆ ಸಾವಿರಾರು ಡಾಲರುಗಳನ್ನು ಸುರಿಯುತ್ತಾರೆ. ತೂಕಕ್ಕೆ ಹಾಕುವವನೂ ಆರತಿ ಎತ್ತುವವನೂ ಮಾಡುವ ತಪ್ಪು ಒಂದೇ ಎಂಬುದು ನಮ್ಮ ಅಭಿಪ್ರಾಯ. ಇಬ್ಬರೂ ಪೆಟ್ಟಿಗೆಯನ್ನು ಬಿಚ್ಚಿ ನೋಡುವುದಿಲ್ಲ. ಅದು ಸೇರಬೇಕಾದ ಸ್ಥಳ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆ.

ಏಕೆಂಬುದನ್ನು ಹೇಳುತ್ತೇವೆ. ಪದವಿ ತರಗತಿಗಳ ವಿದ್ಯಾರ್ಥಿಗಳೆಲ್ಲ ಪ್ರೇರಕ, ಧಾರಕ, ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ ಅನುರಣನದ ವಕ್ರರೇಖೆಯನ್ನು ಎಳೆಯುತ್ತಾರೆ. ಪ್ರೇರಕವೆಂದರೆ ತಂತಿಯ ಸುರುಳಿ. ಧಾರಕವೆಂದರೆ ಅಂಗಡಿಯವರು ಕಂಡೆನ್ಸರ್ ಎನ್ನುವ ವಸ್ತು. ಆವೃತ್ತಿಯನ್ನು ಹೆಚ್ಚಿಸುತ್ತ ಹೋದಂತೆ ವಿದ್ಯುತ್ಪ್ರವಾಹ ಏರಿ, ಒಂದು ಶಿಖರವನ್ನು ಮುಟ್ಟಿ, ಮತ್ತೆ ಇಳಿಯುತ್ತದೆ. ಮೌಖಿಕ ಪರೀಕ್ಷೆಯಲ್ಲಿ “ಇದರ ಉಪಯೋಗವೇನು?” ಎಂದು ಕೇಳಿದರೆ ಎಲ್ಲರಿಂದಲೂ ಒಂದೇ ಉತ್ತರ: “ರೇಡಿಯೋದಲ್ಲಿ ಸ್ಟೇಷನ್ ಹಿಡಿಯಲು.” ಕೈಯಿಂದ ತಿರುವಿ ಸ್ಟೇಷನ್ ಹಿಡಿಯುವ ರೇಡಿಯೋವನ್ನು ನೋಡಿದ್ದೀರಾ ಎಂದು ಮತ್ತೆ ಕೇಳಿದರೆ ಮೌನ. ಅವರನ್ನು ದೂರಲಾಗದು; ಗೈಡಿನಲ್ಲಿ ಅದೇ ಇದೆ. ಅದೇ ವಿದ್ಯಾರ್ಥಿಗಳ ಊರಹಬ್ಬದಲ್ಲಿ ಅದೇ ವಕ್ರರೇಖೆ ಮೂವತ್ತೊಂದು ಬಾರಿ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಕುಳಿತಿರುತ್ತದೆ. ಅದು ಕಿವಿಗೆ ಕೇಳಿಸುತ್ತದೆ, ಬೆರಳಿಗೆ ಸಿಗುತ್ತದೆ. ಈ ಎರಡು ಸಂಗತಿಗಳ ನಡುವೆ ಯಾರೂ ಸೇತುವೆ ಕಟ್ಟಿಲ್ಲ.

ಮೊದಲು ಮೈಕು ಕೂಗುವುದೇಕೆಂದು ನೋಡೋಣ. ಧ್ವನಿವರ್ಧಕದಿಂದ ಹೊರಟ ಸದ್ದು ಮತ್ತೆ ಮೈಕಿಗೆ ಬಂದು, ಮತ್ತೆ ವರ್ಧನೆಗೊಂಡು ಹೊರಗೆ ಹೋಗುತ್ತದೆ. ಈ ಸುತ್ತನ್ನು ಮುಗಿಸಿ ಬಂದ ಸದ್ದು ಹೊರಟಾಗಿನದಕ್ಕಿಂತ ದೊಡ್ಡದಾಗಿದ್ದು, ಅಲೆಯೊಡನೆ ಅಲೆ ಹೆಜ್ಜೆ ಕೂಡಿದರೆ, ಪ್ರತಿ ಸುತ್ತಿಗೂ ಬೆಳೆಯುತ್ತ ಹೋಗಿ ಕೂಗಾಗುತ್ತದೆ. ಎಲ್ಲ ಆವೃತ್ತಿಗಳಲ್ಲಿಯೂ ಹೀಗಾಗುವುದಿಲ್ಲ. ಮೈಕು, ಧ್ವನಿವರ್ಧಕ, ಚಪ್ಪರ, ತಗಡಿನ ಗೋಡೆ ಎಲ್ಲವೂ ಸೇರಿ ಯಾವ ಆವೃತ್ತಿಯನ್ನು ಹೆಚ್ಚು ಪೋಷಿಸುತ್ತವೆಯೋ ಅದೇ ಮೊದಲು ಕೂಗುತ್ತದೆ. ಇಡೀ ಸದ್ದನ್ನು ತಗ್ಗಿಸಿದರೆ ಕೂಗು ನಿಲ್ಲುವುದು ನಿಜ, ಆದರೆ ನಾಟಕವೂ ಕೇಳಿಸದು. ಆ ಒಂದು ಆವೃತ್ತಿಯ ಆಸುಪಾಸನ್ನು ಮಾತ್ರ ತಗ್ಗಿಸುವುದು ಜಾಣತನ.

ಮೂವತ್ತೊಂದು ಎಂಬ ಸಂಖ್ಯೆ ಎಲ್ಲಿಂದ ಬಂತು? ಮನುಷ್ಯನ ಶ್ರವಣದ ವ್ಯಾಪ್ತಿ ಸೆಕೆಂಡಿಗೆ ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗೆ, ಅಂದರೆ ೨೦ ಹರ್ಟ್ಸ್‌ನಿಂದ ೨೦,೦೦೦ ಹರ್ಟ್ಸ್‌ವರೆಗೆ. ಇದು ಸಾವಿರ ಪಟ್ಟು. ಎರಡನ್ನು ಹತ್ತು ಬಾರಿ ಗುಣಿಸಿದರೆ ೧,೦೨೪; ಆದ್ದರಿಂದ ನಮ್ಮ ಕಿವಿಯ ಹರವು ಸುಮಾರು ಹತ್ತು ಸ್ಥಾಯಿಗಳು. ಪ್ರತಿ ಸ್ಥಾಯಿಯನ್ನೂ ಮೂರು ಭಾಗ ಮಾಡಿದರೆ ಮೂವತ್ತು ಮೆಟ್ಟಿಲುಗಳು, ಎರಡು ತುದಿಗಳನ್ನೂ ಎಣಿಸಿದರೆ ಮೂವತ್ತೊಂದು ನಿಲ್ದಾಣಗಳು. ಒಂದು ನಿಲ್ದಾಣದಿಂದ ಮುಂದಿನದಕ್ಕೆ ಆವೃತ್ತಿ ೧.೨೬ ಪಟ್ಟು ಹೆಚ್ಚುತ್ತದೆ. ೨೦ರಿಂದ ಆರಂಭಿಸಿ ಎಣಿಸುತ್ತ ಹೋದರೆ ಇಪ್ಪತ್ತೆರಡನೆಯದು ೨,೫೦೦ ಹರ್ಟ್ಸ್. ಮೈಕ್ ಸೆಟ್ಟಿನ ಯುವಕ ಲೆಕ್ಕವಿಲ್ಲದೆ ಮುಟ್ಟಿದ್ದು ಇದನ್ನೇ. ಅವನು ಎಳೆದ ಕಡ್ಡಿ ಮುಖ್ಯವಾಗಿ ಸುಮಾರು ೨,೨೩೦ರಿಂದ ೨,೮೧೦ ಹರ್ಟ್ಸ್‌ವರೆಗಿನ ಸದ್ದನ್ನು ತಗ್ಗಿಸಿ, ಅದರ ಆಚೀಚಿನದನ್ನು ಹೆಚ್ಚು ಕದಲಿಸದೆ ಬಿಟ್ಟಿತು. ಶಿಖರದ ಆವೃತ್ತಿಯನ್ನು ಈ ಅಗಲದಿಂದ ಭಾಗಿಸಿದರೆ ೪.೩ ದೊರೆಯುತ್ತದೆ. ನಮ್ಮ ವಿದ್ಯಾರ್ಥಿಗಳು ಕ್ಯೂ ಎಂಬ ಅಕ್ಷರದಿಂದ ಗುರುತಿಸಿ ಬಾಯಿಪಾಠ ಮಾಡುವ ಗುಣಾಂಕ ಇದೇ.

ಈಗ ಪೆಟ್ಟಿಗೆಯ ಕುಲವೃತ್ತಾಂತ. ಈಕ್ವಲೈಜರ್ ಎಂದರೆ ಸಮಗೊಳಿಸುವುದು ಎಂದರ್ಥ. ಸಂಗೀತದೊಂದಿಗೆ ಈ ಹೆಸರಿಗೆ ಮೊದಲು ಸಂಬಂಧವಿರಲಿಲ್ಲ. ಅದು ದೂರವಾಣಿಯ ತಂತಿಯಿಂದ ಬಂದದ್ದು. ಮೈಲುಗಟ್ಟಲೆ ತಂತಿಯಲ್ಲಿ ಹರಿಯುವಾಗ ಮಾತಿನ ಮೇಲಿನ ಆವೃತ್ತಿಗಳು ಕೆಳಗಿನವುಗಳಿಗಿಂತ ಹೆಚ್ಚು ಸೊರಗುತ್ತವೆ. ಸೊರಗಿದ್ದನ್ನು ಇನ್ನೊಂದು ತುದಿಯಲ್ಲಿ ಸರಿದೂಗಿಸಿ, ಎಲ್ಲ ಆವೃತ್ತಿಗಳನ್ನೂ ಹೊರಟಾಗಿನ ಪ್ರಮಾಣಕ್ಕೆ ತರುವ ಮಂಡಲವೇ ಈಕ್ವಲೈಜರ್. ಬಾನುಲಿ ಬಂದ ಮೇಲೆ ಸಭಾಂಗಣದ ಕಛೇರಿಯನ್ನು ತಂತಿಯ ಮೂಲಕ ನಿಲಯಕ್ಕೆ ಒಯ್ಯುವಾಗ ಇದೇ ಉಪಾಯ ಬೇಕಾಯಿತು. ಟಾಕಿ ಚಿತ್ರಗಳ ಕಾಲದಲ್ಲಿ, ೧೯೩೦ರ ದಶಕದಲ್ಲಿ, ಚಿತ್ರಮಂದಿರದ ಸದ್ದನ್ನು ತಿದ್ದುವುದಕ್ಕೂ ಅದು ಬಳಕೆಗೆ ಬಂತು. ಕಳೆದುಕೊಂಡದ್ದನ್ನು ಮರಳಿ ಕೊಡಲು ಹುಟ್ಟಿದ ಸಾಧನ ಕ್ರಮೇಣ, ಇಲ್ಲದ ಬಣ್ಣವನ್ನು ಬಳಿಯುವ ಕುಂಚವೂ ಆಯಿತು. ಈ ಎರಡನೆಯ ಕೆಲಸವೇ ಸ್ಟುಡಿಯೋದ ಕಲೆ.

ಕನ್ನಡ ನಾಡಿನಲ್ಲಿ ಶಬ್ದವನ್ನು ಶಾಸ್ತ್ರೀಯವಾಗಿ ನಿರ್ವಹಿಸುವ ಕೆಲಸ ಬಹುಮಟ್ಟಿಗೆ ಮೈಸೂರಿನಲ್ಲಿ ಆರಂಭವಾಯಿತೆನ್ನಬೇಕು. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಸ್ಥಾಪಿಸಿದರು, ಕಾಲೇಜಿನ ಮೇಷ್ಟರೊಬ್ಬರು ಯಂತ್ರವನ್ನು ತಂದಿಟ್ಟುಕೊಂಡು ಮಾಡಿದ ಸಾಹಸವಿದು ಎಂಬುದು ನಮಗೆ ವಿಶೇಷ ಅಭಿಮಾನದ ವಿಷಯ. ಚಲನಚಿತ್ರ ಗೀತೆಗಳ ಮುದ್ರಣಕ್ಕೆ ಮಾತ್ರ ಕನ್ನಡಿಗರು ಬಹುಕಾಲ ಮದ್ರಾಸಿನ ದಾರಿ ಹಿಡಿಯಬೇಕಾಗಿತ್ತು. ೧೯೮೦ರ ದಶಕದಲ್ಲಿ ಶಂಕರನಾಗ್ ಅವರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋವನ್ನು ಕಟ್ಟಿದ್ದು ಆ ಪ್ರಯಾಣವನ್ನು ತಪ್ಪಿಸುವ ದೊಡ್ಡ ಯತ್ನವಾಗಿತ್ತು. ಆ ಕಾಲದ ಹಾಡುಗಳನ್ನು ಕೇಳುವಾಗ ಗಾಯಕರ ಕಂಠದ ಜೊತೆಗೆ ಆಯಾ ಸ್ಟುಡಿಯೋದ ಸುರುಳಿಗಳನ್ನೂ ಧಾರಕಗಳನ್ನೂ ನಾವು ಕೇಳುತ್ತಿರುತ್ತೇವೆ.

ಪೂಜೆಗೊಳ್ಳುತ್ತಿರುವ ಪೆಟ್ಟಿಗೆಗಳಲ್ಲಿ ಅಗ್ರಪೂಜೆ ಸಲ್ಲುವುದು ಪಲ್ಟೆಕ್ ಎಂಬುದಕ್ಕೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಯೂಜೀನ್ ಶೆಂಕ್ ಮತ್ತು ಆಲಿವರ್ ಸಮರ್‌ಲ್ಯಾಂಡ್ ಎಂಬಿಬ್ಬರು ಅದನ್ನು ೧೯೫೧ರಲ್ಲಿ ಹೊರತಂದರು. ಅದರ ರಚನೆ ಕುತೂಹಲಕರವಾಗಿದೆ. ಶಬ್ದದ ಸಂಕೇತ ಮೊದಲು ಸುರುಳಿ, ಧಾರಕ, ರೋಧಕಗಳ ಒಂದು ಜಾಲವನ್ನು ಹಾಯುತ್ತದೆ. ಈ ಜಾಲಕ್ಕೆ ಸ್ವಂತ ಶಕ್ತಿಯಿಲ್ಲ. ಅದು ಕಳೆಯಬಲ್ಲುದೇ ಹೊರತು ಕೂಡಲಾರದು. ಹಾಗಾದರೆ ‘ಏರಿಸುವ’ ಗುಂಡಿ ಅದರಲ್ಲಿರುವುದು ಹೇಗೆ? ಮೊದಲು ಎಲ್ಲವನ್ನೂ ಸುಮಾರು ೧೬ ಡೆಸಿಬೆಲ್‌ನಷ್ಟು, ಅಂದರೆ ವೋಲ್ಟೇಜಿನ ಲೆಕ್ಕದಲ್ಲಿ ಆರನೆಯ ಒಂದು ಪಾಲಿನಷ್ಟಕ್ಕೆ, ಇಳಿಸಿಬಿಡುವುದು. ಬೇಕಾದ ಆವೃತ್ತಿಯನ್ನು ಕಡಿಮೆ ಇಳಿಸುವುದು. ಕೊನೆಯಲ್ಲಿ ನಿರ್ವಾತ ಕೊಳವೆಗಳ ವರ್ಧಕದಿಂದ ಎಲ್ಲವನ್ನೂ ಒಟ್ಟಿಗೆ ಮೇಲೆತ್ತುವುದು. ಕೆಲವರಿಗೆ ಕಡಿಮೆ ತೆರಿಗೆ ಹಾಕಿ ‘ದಾನ ಕೊಟ್ಟೆವು’ ಎಂದು ಹೇಳಿದಂತೆ! ಲೆಕ್ಕ ಮಾತ್ರ ಸರಿಯಾಗಿಯೇ ಇದೆ.

ಪಲ್ಟೆಕ್‌ನ ಭಕ್ತರು ಮುಖ್ಯವಾಗಿ ಕೊಂಡಾಡುವುದು ಒಂದು ‘ಪವಾಡ’ವನ್ನು. ಅದರಲ್ಲಿ ಕೆಳಗಿನ ಆವೃತ್ತಿಗಳನ್ನು ಏರಿಸಲು ಒಂದು ಗುಂಡಿ, ಇಳಿಸಲು ಮತ್ತೊಂದು ಗುಂಡಿ. ಎರಡನ್ನೂ ೬೦ ಹರ್ಟ್ಸ್‌ನಲ್ಲಿಟ್ಟು ಸಮನಾಗಿ ತಿರುಗಿಸಿದರೆ, ಕೂಡಿದ್ದೂ ಕಳೆದದ್ದೂ ಸರಿಹೋಗಿ ಏನೂ ಆಗಬಾರದಷ್ಟೆ? ಆದರೆ ತೀರ ಕೆಳಗಿನ ಸದ್ದು ತುಂಬಿಕೊಂಡು, ಅದಕ್ಕಿಂತ ಸ್ವಲ್ಪ ಮೇಲಿನ ಭಾಗ ತಗ್ಗಿ, ಮೃದಂಗದಂತಹ ವಾದ್ಯದ ನಾದ ಗುಂಭವಾಗಿಯೂ ಸ್ಪಷ್ಟವಾಗಿಯೂ ಕೇಳುತ್ತದೆ. ಹಾಗೆ ಎರಡನ್ನೂ ಒಟ್ಟಿಗೆ ಬಳಸಬಾರದೆಂದು ಅದರ ಕೈಪಿಡಿಯೇ ಹೇಳಿತ್ತು. ಬಳಸಿ ನೋಡಿದ ಅವಿಧೇಯರಿಗೆ ಫಲ ಸಿಕ್ಕಿತು. ಇದರಲ್ಲಿ ಪವಾಡವಿಲ್ಲ. ಗುಂಡಿಯ ಮೇಲೆ ಬರೆದ ಅಂಕಿ ಒಂದೇ ಆದರೂ ಏರಿಸುವ ಜಾಲ ಮತ್ತು ಇಳಿಸುವ ಜಾಲ ತಮ್ಮ ಕೆಲಸವನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ಆರಂಭಿಸುತ್ತವೆ. ಎರಡು ವಕ್ರರೇಖೆಗಳನ್ನು ಒಂದೇ ನಕ್ಷೆಯ ಹಾಳೆಯ ಮೇಲೆ ಬರೆದು ಕೂಡಿಸಿದರೆ ಉಬ್ಬೂ ತಗ್ಗೂ ತಾವಾಗಿಯೇ ಮೂಡುತ್ತವೆ. ಎರಡನೆಯ ಪಿ.ಯು.ಸಿ. ವಿದ್ಯಾರ್ಥಿಗೆ ಇದು ಅರ್ಧ ಗಂಟೆಯ ಕೆಲಸ.

ಇನ್ನು ‘ಬೆಚ್ಚಗಿನ ನಾದ’ ಎಂಬ ಮಾತು. ಇದನ್ನು ನಾವು ಪೂರ್ತಿ ಅಲ್ಲಗಳೆಯುವುದಿಲ್ಲ. ಸುರುಳಿಯೊಳಗಿನ ಕಬ್ಬಿಣದ ತಿರುಳು ಕಾಂತತ್ವವನ್ನು ಎಷ್ಟೆಂದು ಹಿಡಿದಿಟ್ಟೀತು? ಸಂಕೇತ ಪ್ರಬಲವಾದಾಗ, ಅದರಲ್ಲೂ ಕೆಳಗಿನ ಆವೃತ್ತಿಗಳಲ್ಲಿ, ಅದು ತುಂಬಿಹೋಗುತ್ತದೆ. ಆಗ ಅಲೆಯ ಆಕಾರ ಕೊಂಚ ಬದಲಾಗಿ ಮೂಲದಲ್ಲಿಲ್ಲದ ಮೇಳಸ್ವರಗಳು ಹುಟ್ಟುತ್ತವೆ. ನಿರ್ವಾತ ಕೊಳವೆಯೂ ತನ್ನ ಪಾಲಿನ ಮೇಳಸ್ವರಗಳನ್ನು ಸೇರಿಸುತ್ತದೆ. ಅಲ್ಪ ಪ್ರಮಾಣದಲ್ಲಿ ಇವು ಕಿವಿಗೆ ಹಿತವಾಗಬಹುದು. ಆದರೆ ಇದೆಲ್ಲವೂ ಅಳತೆಗೆ ಸಿಗುವ ಸಂಗತಿ. ಡಿಜಿಟಲ್ ಯಂತ್ರ ಇದನ್ನೆಂದೂ ಅನುಕರಿಸಲಾರದೆಂಬುದು ಬರಿಯ ಭಕ್ತಿ. ಭಕ್ತರ ಪರವಾಗಿ ಒಂದು ಮಾತನ್ನು ಮಾತ್ರ ಹೇಳಬೇಕು. ಸೆಕೆಂಡಿಗೆ ೪೪,೧೦೦ ಬಾರಿ ಮಾದರಿ ತೆಗೆಯುವ ಡಿಜಿಟಲ್ ಪದ್ಧತಿಗೆ ಅದರ ಅರ್ಧವಾದ ೨೨,೦೫೦ ಹರ್ಟ್ಸ್ ಗಡಿಗೋಡೆ ಇದ್ದಂತೆ. ಸರಳ ವಿಧಾನದಿಂದ ರಚಿಸಿದ ಡಿಜಿಟಲ್ ಈಕ್ವಲೈಜರಿನಲ್ಲಿ ಈ ಗೋಡೆಯ ಸಮೀಪದ ವಕ್ರರೇಖೆಗಳು ಇಕ್ಕಟ್ಟಿಗೆ ಸಿಕ್ಕಿ ಸೊಟ್ಟಗಾಗುತ್ತವೆ. ಅಂತಹ ಯಂತ್ರವನ್ನು ಕೇಳಿ ‘ಹಳೆಯದರಂತಿಲ್ಲ’ ಎಂದವರು ಸುಳ್ಳು ಹೇಳಿರಲಿಕ್ಕಿಲ್ಲ. ಕಾರಣವನ್ನು ಮಾತ್ರ ತಪ್ಪು ಸ್ಥಳದಲ್ಲಿ ಹುಡುಕಿದರು.

ಕೇಳಿ ನಿರ್ಧರಿಸುವುದೂ ಒಂದು ಪ್ರಯೋಗವೇ, ಅದಕ್ಕೂ ನಿಯಮಗಳುಂಟು. ಎರಡು ಸದ್ದುಗಳಲ್ಲಿ ಕೊಂಚ ಜೋರಾಗಿರುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಆದ್ದರಿಂದ ಮೊದಲು ಎರಡರ ಮಟ್ಟವನ್ನೂ ಸಮ ಮಾಡಬೇಕು. ಯಾವುದು ನುಡಿಯುತ್ತಿದೆಯೆಂಬುದು ಕೇಳುವವನಿಗೆ ಕಾಣಬಾರದು. ಹನ್ನೆರಡು ಬಾರಿ ಕೇಳಿಸಿ ಗುರುತಿಸಲು ಹೇಳೋಣ. ಬರಿಯ ಊಹೆಯಿಂದ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಾರಿ ಸರಿಯುತ್ತರ ಬರುವ ಸಂಭವ ೪,೦೯೬ರಲ್ಲಿ ೭೯, ಅಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಹತ್ತು ಸರಿಯಾದರೆ ಅವನ ಕಿವಿಯನ್ನು ಗೌರವಿಸೋಣ. ಏಳು ಸರಿಯಾದರೆ ಕಾಫಿ ಕೊಟ್ಟು ಕಳುಹಿಸೋಣ.

ನಮ್ಮ ಮಳವಳ್ಳಿಯ ಪೆಟ್ಟಿಗೆಗೆ ಬರೋಣ. ಅದರೊಳಗೆ ಒಂದೂ ಸುರುಳಿಯಿಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ೧ ಹೆನ್ರಿಯ ಸುರುಳಿಗೆ ೦.೧ ಮೈಕ್ರೋಫ್ಯಾರಡ್ ಧಾರಕವನ್ನು ಜೋಡಿಸಿದರೆ ಅನುರಣನ ಸುಮಾರು ೫೦೩ ಹರ್ಟ್ಸ್‌ನಲ್ಲಿ ಆಗುತ್ತದೆ. ೫೦ ಹರ್ಟ್ಸ್‌ಗೆ ಇಳಿಯಬೇಕಾದರೆ ಎರಡರ ಗುಣಲಬ್ಧ ನೂರು ಪಟ್ಟಾಗಬೇಕು. ೧೦ ಹೆನ್ರಿಯ ಸುರುಳಿ, ೧ ಮೈಕ್ರೋಫ್ಯಾರಡ್ ಧಾರಕ ಎನ್ನೋಣ. ಅಂತಹ ಸುರುಳಿ ತೂಕದ್ದು, ಬೆಲೆಯದ್ದು. ಮೇಲಾಗಿ ಪಕ್ಕದ ಟ್ರಾನ್ಸ್‌ಫಾರ್ಮರಿನ ಗುಂಯ್‌ಕಾರವನ್ನೆಲ್ಲ ತಾನು ಹೀರಿಕೊಳ್ಳುತ್ತದೆ. ಮೂವತ್ತೊಂದು ಸುರುಳಿಗಳ ಪೆಟ್ಟಿಗೆಯನ್ನು ಹೊರಲು ಎತ್ತಿನಗಾಡಿಯೇ ಬೇಕಾದೀತು. ಇದಕ್ಕೊಂದು ಅಂದವಾದ ಪರಿಹಾರವಿದೆ. ಡಚ್ ವಿಜ್ಞಾನಿ ಟೆಲೆಗೆನ್ ೧೯೪೮ರಲ್ಲಿ ಜೈರೇಟರ್ ಎಂಬ ಮಂಡಲದ ಕಲ್ಪನೆಯನ್ನು ಮಂಡಿಸಿದರು. ವರ್ಧಕ, ಧಾರಕ, ಎರಡು ರೋಧಕಗಳನ್ನು ಒಂದು ಬಗೆಯಲ್ಲಿ ಹೆಣೆದರೆ, ಹೊರಗಿನಿಂದ ನೋಡುವ ಸಂಕೇತಕ್ಕೆ ಅದು ಸುರುಳಿಯಂತೆಯೇ ಕಾಣುತ್ತದೆ. ೧ ಸಾವಿರ ಓಮ್, ೧ ಲಕ್ಷ ಓಮ್, ೦.೦೧ ಮೈಕ್ರೋಫ್ಯಾರಡ್ ಇವುಗಳ ಗುಣಲಬ್ಧವೇ ಸರಿಯಾಗಿ ೧ ಹೆನ್ರಿ. ತಂತಿಯ ಒಂದು ಸುತ್ತೂ ಇಲ್ಲ! ಕಿರೀಟವಿಟ್ಟ ರೈತ ದುರ್ಯೋಧನನಾಗುವಂತೆ ಇಲ್ಲಿ ಧಾರಕವೇ ಪ್ರೇರಕದ ವೇಷ ಹಾಕುತ್ತದೆ. ಈ ವೇಷಧಾರಿಯಲ್ಲಿ ತುಂಬಿಹೋಗುವ ಕಬ್ಬಿಣವಿಲ್ಲ. ಆದ್ದರಿಂದ ಆ ‘ಬೆಚ್ಚಗಿನ’ ಮೇಳಸ್ವರಗಳೂ ಇಲ್ಲ. ಯಾರೂ ಇದಕ್ಕೆ ಆರತಿ ಎತ್ತದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಕಲಿಯುವವನಿಗೆ ಮಾತ್ರ ಇದು ಪಲ್ಟೆಕ್‌ಗಿಂತ ಒಂದು ಕೈ ಮೇಲು.

ಆಂಪ್ಲಿಫೈಯರಿನ ಮೇಲೆ ಬಾಸ್, ಟ್ರೆಬಲ್ ಎಂದು ಬರೆದ ಎರಡು ಗುಂಡಿಗಳನ್ನು ಕಾಣದವರಾರು? ಅವೂ ಈ ಕುಲದ ಕಿರಿಯರೇ. ಇಂಗ್ಲೆಂಡಿನ ಪೀಟರ್ ಬ್ಯಾಕ್ಸಾಂಡಲ್ ಎಂಬಾತ ೧೯೫೨ರ ಅಕ್ಟೋಬರಿನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಮಂಡಲವನ್ನು ಪ್ರಕಟಿಸಿದರು. ಅನಂತರ ಬಂದ ಅಸಂಖ್ಯಾತ ಆಂಪ್ಲಿಫೈಯರುಗಳಲ್ಲಿ ಅದೇ, ಅಥವಾ ಅದರ ಮಕ್ಕಳು ಮರಿಗಳು, ಸೇರಿಕೊಂಡವು. ಒಂದು ಜನಪ್ರಿಯ ಪತ್ರಿಕೆಯ ಲೇಖನ ಮನೆಮನೆಯ ರೇಡಿಯೋವನ್ನು ಹೊಕ್ಕಿತೆಂಬುದನ್ನು ನೆನೆದಾಗ, ಪತ್ರಿಕೆಗೆ ಬರೆಯುವ ನಮ್ಮಂಥವರಿಗೆ ಕೊಂಚ ಆಸೆಯಾಗುವುದುಂಟು.

ಬಳಕೆಯ ವಿಷಯದಲ್ಲಿ ನಮ್ಮ ಊರುಗಳ ರೂಢಿಯನ್ನು ಮೆಚ್ಚಲಾಗದು. ಮೆರವಣಿಗೆಗಳಲ್ಲಿ ಎಡತುದಿಯ ಕಡ್ಡಿಗಳನ್ನೂ ಬಲತುದಿಯ ಕಡ್ಡಿಗಳನ್ನೂ ಮೇಲಕ್ಕೆ ತಳ್ಳಿ, ನಡುವನ್ನು ತಗ್ಗಿಸಿ, ನಗುವ ತುಟಿಯ ಆಕಾರ ಮಾಡುತ್ತಾರೆ. ಎದೆ ನಡುಗಬೇಕು ಎಂಬುದೊಂದೇ ಗುರಿ. ೧೨ ಡೆಸಿಬೆಲ್ ಏರಿಸಿದರೆ ವೋಲ್ಟೇಜು ನಾಲ್ಕು ಪಟ್ಟು, ಶಕ್ತಿ ಹದಿನಾರು ಪಟ್ಟು. ಆ ಆವೃತ್ತಿಯಲ್ಲಿ ೧೦೦ ವ್ಯಾಟ್ ಕೊಡುತ್ತಿದ್ದ ಆಂಪ್ಲಿಫೈಯರಿನಿಂದ ೧,೬೦೦ ವ್ಯಾಟ್ ಕೇಳಿದಂತಾಯಿತು. ಅದು ಕೊಡಲಾರದು, ಅಲೆಯ ತಲೆಯನ್ನು ಕತ್ತರಿಸಿ ಕಳುಹಿಸುತ್ತದೆ, ಧ್ವನಿವರ್ಧಕದ ಕಾಯಿಲ್ ಸುಟ್ಟುಹೋಗುತ್ತದೆ, ಮಾತುಗಳಂತೂ ಕೇಳಿಸುವುದೇ ಇಲ್ಲ, ಏಕೆಂದರೆ ಮಾತಿನ ಸ್ಪಷ್ಟತೆ ಇರುವುದು ತಗ್ಗಿಸಲ್ಪಟ್ಟ ಆ ನಡುವಿನಲ್ಲಿ. ನಾಟಕದ ರಾತ್ರಿಯ ಯುವಕ ಕೂಗನ್ನು ನಿಲ್ಲಿಸಿದ್ದು ಇಳಿಸಿ, ಏರಿಸಿ ಅಲ್ಲ.

ಎಲ್ಲ ರೋಗಕ್ಕೂ ಈ ಪೆಟ್ಟಿಗೆ ಮದ್ದಲ್ಲವೆಂಬುದನ್ನೂ ಹೇಳಿಬಿಡಬೇಕು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳವರೆಗೆ ಹರಿದದ್ದು ಮಳವಳ್ಳಿ ತಾಲ್ಲೂಕಿನ ಹೆಮ್ಮೆ. ಇಂದು ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವೃತ್ತಿ ೫೦ ಹರ್ಟ್ಸ್. ಭೂಸಂಪರ್ಕ ಸರಿಯಿಲ್ಲದ ಮೈಕ್ ಸೆಟ್ಟಿನಲ್ಲಿ ಆ ೫೦, ಅದರ ಇಮ್ಮಡಿಯಾದ ೧೦೦, ಮುಮ್ಮಡಿಯಾದ ೧೫೦ ಎಲ್ಲವೂ ಗುಂಯ್‌ಗುಡುತ್ತವೆ. ಆ ಕಡ್ಡಿಗಳನ್ನೆಲ್ಲ ಕೆಳಕ್ಕೆ ಎಳೆದರೆ ಗುಂಯ್‌ಕಾರ ತಗ್ಗುತ್ತದೆ, ಅದರೊಡನೆ ಭೀಮನ ಕಂಠದ ಗಾಂಭೀರ್ಯವೂ ಹೋಗುತ್ತದೆ. ಭೂಸಂಪರ್ಕವನ್ನು ಸರಿಪಡಿಸಬೇಕಾದಲ್ಲಿ ಕಡ್ಡಿ ಎಳೆಯುವುದು ಸೋಮಾರಿತನ.

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಸ್ಥಳ. ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹಾಡುವ ನೀಲಗಾರರನ್ನು ಈ ಸೀಮೆಯ ಜನ ಕ್ಯಾಸೆಟ್ಟುಗಳಲ್ಲಿ ಮುದ್ರಿಸಿಕೊಂಡದ್ದುಂಟು. ಆ ಕ್ಯಾಸೆಟ್ಟುಗಳನ್ನು ಈಗ ಫೋನುಗಳಿಗೆ ಇಳಿಸುವ ಉತ್ಸಾಹ ಕಾಣುತ್ತಿದೆ, ಸಂತೋಷ. ಆದರೆ ಕ್ಯಾಸೆಟ್ಟಿನ ಮುದ್ರಣಕ್ಕೆ ತನ್ನದೇ ಆದ ಈಕ್ವಲೈಜೇಷನ್ ಉಂಟು: ಸಾಮಾನ್ಯ ಟೇಪಿಗೆ ೧೨೦ ಮೈಕ್ರೋಸೆಕೆಂಡ್, ಕ್ರೋಮ್ ಬಗೆಯ ಟೇಪಿಗೆ ೭೦ ಮೈಕ್ರೋಸೆಕೆಂಡ್ ಎಂದು ಗುರುತಿಸುವ ವಕ್ರರೇಖೆಗಳು. ನುಡಿಸುವ ಯಂತ್ರದಲ್ಲಿ ತಪ್ಪು ಗುಂಡಿ ಒತ್ತಿದರೆ ಹಾಡುಗಾರನ ಕಂಠ ಮಂಕಾಗುತ್ತದೆ ಅಥವಾ ಕರ್ಕಶವಾಗುತ್ತದೆ. ಮೇಲಾಗಿ, ಟೇಪಿನ ಸುಯ್ಗುಟ್ಟುವಿಕೆ ಹೋಗಲೆಂದು ಮೇಲಿನ ಆವೃತ್ತಿಗಳನ್ನು ಪೂರ್ತಿ ಇಳಿಸಿ ಪ್ರತಿ ಮಾಡಿ, ಮೂಲ ಕ್ಯಾಸೆಟ್ಟನ್ನು ಎಸೆದವರನ್ನು ನಾವು ಕಂಡಿದ್ದೇವೆ. ತಾಳದ ಝಣತ್ಕಾರ ಇದ್ದದ್ದು ಆ ಆವೃತ್ತಿಗಳಲ್ಲಿಯೇ. ಹಾಗೆ ಇಳಿಸಿದ್ದನ್ನು ಮುಂದೆ ಎಷ್ಟು ಏರಿಸಿದರೂ ಅದು ಮರಳಿ ಬಾರದು. ಏನನ್ನೂ ತಿದ್ದದ ಒಂದು ಪ್ರತಿಯನ್ನು ಮೊದಲು ಇಟ್ಟುಕೊಂಡು, ಅನಂತರ ಬೇಕಾದಂತೆ ತಿದ್ದುವುದು ಕ್ರಮ. ಈಕ್ವಲೈಜರಿನ ವಕ್ರರೇಖೆಯನ್ನು ಒಮ್ಮೆ ಕೈಯಾರೆ ಬರೆದ ವಿದ್ಯಾರ್ಥಿ ಈ ತಪ್ಪನ್ನು ಮಾಡಲಾರ ಎಂದು ನಮ್ಮ ನಂಬಿಕೆ.

ಆದ್ದರಿಂದಲೇ ಮಂಡ್ಯ, ಮದ್ದೂರು, ಮಳವಳ್ಳಿಗಳ ಪ್ರತಿಯೊಂದು ಕಾಲೇಜೂ ಇಂತಹ ಒಂದು ಹಳೆಯ ಪೆಟ್ಟಿಗೆಯನ್ನು ಗುಜರಿಯ ಬೆಲೆಗೆ ಕೊಂಡು ತರಬೇಕೆಂದು ನಾವು ಹೇಳುತ್ತಿದ್ದೇವೆ. ಮಿತ್ರರಾದ ಕೆಲವು ಅಧ್ಯಾಪಕರು ಆಕ್ಷೇಪಿಸಿದ್ದುಂಟು: ಪಠ್ಯಕ್ರಮದಲ್ಲಿ ಈಕ್ವಲೈಜರಿನ ಹೆಸರಿಲ್ಲ; ದಾಸ್ತಾನು ಪುಸ್ತಕದಲ್ಲಿ ಬರೆಯಲು ಅಂಕಣವಿಲ್ಲ; ಕೆಟ್ಟರೆ ಲೆಕ್ಕ ಕೊಡುವವರಾರು? ಹೆಸರಿಲ್ಲದಿದ್ದರೇನು, ಅನುರಣನವಿದೆಯಲ್ಲ. ಇನ್ನು ಕೆಡುವ ಮಾತು. ಬೀರುವಿನಲ್ಲಿ ಬೀಗ ಹಾಕಿಟ್ಟ ಉಪಕರಣ ಕೆಡುವುದಿಲ್ಲವೆಂಬುದೇನೋ ನಿಜ. ಒಂದು ಕಾಲೇಜಿನಲ್ಲಿ ಹೊಸ ಆಸಿಲೋಸ್ಕೋಪನ್ನು ಎರಡು ವರ್ಷ ಹಾಗೆಯೇ ‘ಕಾಪಾಡಿದ್ದನ್ನು’ ನಾವು ಬಲ್ಲೆವು.

ಪ್ರಯೋಗಕ್ಕೆ ಬೇಕಾದುದು ಅತ್ಯಲ್ಪ. ಶುದ್ಧ ಸ್ವರಗಳನ್ನು ಹೊರಡಿಸುವ ಸೌಲಭ್ಯ ಇಂದಿನ ಫೋನುಗಳಲ್ಲಿಯೇ ದೊರೆಯುತ್ತದೆ. ಒಂದು ಕಡ್ಡಿಯನ್ನು ಏರಿಸಿ, ಉಳಿದವನ್ನು ನಡುವಿನಲ್ಲಿಟ್ಟು, ಆವೃತ್ತಿಯನ್ನು ಬದಲಿಸುತ್ತ ಹೊರಬರುವ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ಅಳೆದು, ಲಾಗರಿದಮ್ ಹಾಳೆಯ ಮೇಲೆ ಬರೆಯುವುದು. ಅಗ್ಗದ ಮಲ್ಟಿಮೀಟರನ್ನು ಇಲ್ಲಿ ನಂಬಬಾರದು. ಅದು ೫೦ ಹರ್ಟ್ಸ್‌ಗಾಗಿ ಮಾಡಿದ್ದು, ಆವೃತ್ತಿ ಏರಿದಂತೆ ಸುಳ್ಳು ಹೇಳುತ್ತದೆ. ಎಳೆಯ ವಾಚಕರಿಗೆ ಒಂದು ಎಚ್ಚರಿಕೆ. ಪೆಟ್ಟಿಗೆಯ ಮುಚ್ಚಳವನ್ನು ಮನೆಯಲ್ಲಿ ಒಬ್ಬರೇ ತೆರೆಯಲಾಗದು. ನಿರ್ವಾತ ಕೊಳವೆಗಳ ಯಂತ್ರಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟು ಧಾರಕಗಳಲ್ಲಿ ನಿಂತಿರುತ್ತದೆ. ಟ್ರಾನ್ಸಿಸ್ಟರಿನ ಪೆಟ್ಟಿಗೆಯಲ್ಲಿಯೂ ೨೩೦ ವೋಲ್ಟು ಬಂದಿಳಿಯುವ ಒಂದು ಮೂಲೆ ಇದ್ದೇ ಇರುತ್ತದೆ.

ಮದ್ದೂರಿನ ಯಜಮಾನರು ತೂಕದ ಬೆಲೆಗಿಂತ ಐವತ್ತು ರೂಪಾಯಿ ಹೆಚ್ಚಿಗೆ ಪಡೆದು ಪೆಟ್ಟಿಗೆಯನ್ನು ನಮಗೆ ಕೊಟ್ಟರು. ಅದನ್ನು ತಲುಪಿಸಲು ಬಂದ ಮೈಕ್ ಸೆಟ್ಟಿನ ಯುವಕನನ್ನು ವಿದ್ಯಾರ್ಥಿಗಳು ಬಿಡಲಿಲ್ಲ. ಫೋನಿನಿಂದ ಒಂದೊಂದೇ ಸ್ವರವನ್ನು ನುಡಿಸಿ, ಯಾವ ಕಡ್ಡಿಯೆಂದು ಕೇಳಿದರು. ಒಂಬತ್ತರಲ್ಲಿ ಎಂಟನ್ನು ಆತ ಸರಿಯಾಗಿ ಹೇಳಿದ. ತಪ್ಪಿದ್ದು ಇಪ್ಪತ್ತೆರಡನೆಯದು! ೨,೫೦೦ ಹರ್ಟ್ಸ್‌ನ ಸ್ವರವನ್ನು ಕೇಳಿ, “ಇದು ಅದಕ್ಕಿಂತ ಒಸಿ ಮೇಲದೆ ಸಾ” ಎಂದು ಅನುಮಾನಿಸುತ್ತ ಇಪ್ಪತ್ತಮೂರು ಎಂದ. ಆತ ಹೋದ ಮೇಲೆ ವಿದ್ಯಾರ್ಥಿಗಳು ಆ ಕಡ್ಡಿಯ ವಕ್ರರೇಖೆಯನ್ನು ಎಳೆದು ನೋಡಿದರು. ಶಿಖರ ಬಂದದ್ದು ೨,೫೦೦ರಲ್ಲಿ ಅಲ್ಲ, ೨,೩೮೦ರಲ್ಲಿ. ಆವೃತ್ತಿ ಇಷ್ಟು ಇಳಿಯಬೇಕಾದರೆ ಧಾರಕಗಳ ಗುಣಲಬ್ಧ ನೂರಕ್ಕೆ ಹತ್ತರಷ್ಟು ಹೆಚ್ಚಿರಬೇಕು. ಎರಡು ಧಾರಕಗಳಲ್ಲಿ ಯಾವುದು ಜಾರಿದೆಯೆಂಬ ಬಗ್ಗೆ ನಮ್ಮ ಪ್ರಯೋಗಶಾಲೆಯಲ್ಲಿ ಈ ವಾರ ಎರಡು ಪಂಗಡಗಳಾಗಿವೆ. ಶನಿವಾರ ಅವುಗಳನ್ನು ಬಿಚ್ಚಿ ಅಳೆಯುವುದೆಂದು ಗೊತ್ತಾಗಿದೆ.